ಬಾಗಿಲಾಚೆ ಇರೋ ಕುರ್ಚಿನ ಒಳಗೆ ಹಾಕಿ

ಸಂಪಾದಕರಿಗೆ ನಮಸ್ಕಾರ,

ಮಕ್ಕಳಿಗೆ ಮಾತು ತಡ ಆದ್ರೆ ಬೇಗ ಥೆರಪಿಗೆ ಕರ್ಕೊಂಡು ಹೋಗಿ ಅಂತ ಎಲ್ಲರೂ ಬರೀತಾರೆ, ಸರೀನೇ. ಆದ್ರೆ ಕರ್ಕೊಂಡು ಹೋದ್ಮೇಲೆ ಅಪ್ಪ ಅಮ್ಮನ್ನ ಎಲ್ಲಿ ಕೂರಿಸ್ತಾರೆ ಅಂತ ಯಾರೂ ಕೇಳಲ್ಲ. ಅದಕ್ಕೇ ಈ ಪತ್ರ.

ನನ್ನ ಮಗನಿಗೆ ಎರಡು ವರ್ಷ ತುಂಬಿದಾಗ ಬರ್ತಿದ್ದಿದ್ದು ಐದಾರು ಪದ. ಆ ವಯಸ್ಸಿಗೆ ಸುಮಾರು 50 ಪದ ಇರ್ಬೇಕು, ಎರಡೆರಡು ಪದ ಜೋಡಿಸ್ಬೇಕು ಅಂತಾರೆ. 'ಗಂಡು ಮಕ್ಕಳು ನಿಧಾನ, ಬಿಡು' ಅನ್ನೋ ಮಾತು ಕೇಳ್ಕೊಂಡು ಕೆಲವು ತಿಂಗಳು ಸುಮ್ನೆ ಕಳೆದ್ವಿ, ಅದು ನಮ್ಮದೇ ತಪ್ಪು. ಮೊದಲು ಕಿವಿ ಟೆಸ್ಟ್ ಮಾಡಿಸಿದ್ವಿ (ಇದೊಂದನ್ನ ಯಾರೂ ಬಿಡ್ಬೇಡಿ), ಕೇಳಿಸ್ತಿದೆ ಅಂತ ಗೊತ್ತಾಯ್ತು, ಆಮೇಲೆ ಸ್ಪೀಚ್ ಥೆರಪಿ. ಮೊದಲು ಹೋದ ಕಡೆ ವಾರಕ್ಕೆ ಎರಡು ಸಲ, ಮುಕ್ಕಾಲು ಗಂಟೆ, ಮಗುನ ಒಳಗೆ ಕರ್ಕೊಂಡು ಬಾಗಿಲು ಹಾಕ್ಕೋತಿದ್ರು, ನಾನು ಹೊರಗೆ ಕುರ್ಚಿ ಮೇಲೆ ಮೊಬೈಲ್ ನೋಡ್ತಾ ಕೂತಿರ್ತಿದ್ದೆ. ಕೊನೆಗೆ 'ಇವತ್ತು ಚೆನ್ನಾಗಿ ಮಾಡ್ದ' ಅನ್ನೋ ಒಂದು ಮಾತು, ಕೈಗೊಂದು ಹೋಮ್‌ವರ್ಕ್ ಹಾಳೆ. ಮಗು ದಿನಕ್ಕೆ 12 ಗಂಟೆ ಎಚ್ಚರ ಇದ್ರೆ ವಾರಕ್ಕೆ 84 ಗಂಟೆ, ಅದ್ರಲ್ಲಿ ಥೆರಪಿ ಒಂದೂವರೆ. ಮಿಕ್ಕಿದ್ದೆಲ್ಲ ಅವನು ನನ್ನ ಜೊತೆ, ನಮ್ಮತ್ತೆ ಜೊತೆ.

ಎರಡನೇ ಕಡೆ ಥೆರಪಿಸ್ಟ್ ನನ್ನನ್ನೇ ನೆಲದ ಮೇಲೆ ಕೂರಿಸಿ ಮಗನ ಜೊತೆ ಆಡಿ ಅಂದ್ರು, ತಾವು ಮೂಲೆಲಿ ಕೂತು ನೋಡಿದ್ರು. ನನಗೋ ಪರೀಕ್ಷೆಗೆ ಕೂತ ಹಾಗಾಯ್ತು. ಹತ್ತು ನಿಮಿಷ ಆದ್ಮೇಲೆ ಬೈಲಿಲ್ಲ, ಪಾಠಾನೂ ಮಾಡ್ಲಿಲ್ಲ, 'ನೀವು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ್ದು ಯಾರು?' ಅಂದ್ರು ಅಷ್ಟೇ. ನಾನೇ! ಇದೇನು, ಯಾವ ಬಣ್ಣ, ಹೇಳು ಹೇಳು, ಬಾಲ್ ಅನ್ನು ಅಂತ ಒಂದೇ ಸಮ ವಟಗುಟ್ಟಿದ್ರೆ ಅವನು ಬಾಯಿ ತೆಗೆಯೋದಾದ್ರೂ ಯಾವಾಗ. ಆ ವಾರದ ಕೆಲಸ ಒಂದೇ, ಒಂದು ಶೂ ಹಾಕಿ ಇನ್ನೊಂದನ್ನ ಕೈಲಿ ಹಿಡ್ಕೊಂಡು, ಅವನ ಮುಖ ನೋಡ್ತಾ ಮನಸ್ಸಲ್ಲೇ ಹತ್ತರ ತನಕ ಎಣಿಸೋದು. ನೀವೂ ಮಾಡಿ ನೋಡಿ, ನಾಲ್ಕಕ್ಕೇ ನನ್ನ ಬಾಯಿ ತೆರ್ಕೊಂಡ್ಬಿಡ್ತಿತ್ತು. ಐದನೇ ದಿನ ಶೂ ಕಡೆ ಕೈ ತೋರ್ಸಿ 'ಊ' ಅಂದ. ಅದನ್ನ ತಿದ್ದೋ ಹಾಗಿಲ್ಲ, 'ಶೂ ಹಾಕು' ಅಂತ ಒಂದು ಪದ ಸೇರ್ಸಿ ವಾಪಸ್ ಕೊಡೋದು, ಅವನು ತಿರುಗಿ ಹೇಳ್ಲೇಬೇಕು ಅಂತ ಹಠ ಇಲ್ಲ. ಮುಂದಿನ ಸಲ ಹೋದಾಗ ಯಾವುದು ನಡೀತು, ಯಾವುದು ನಡೀಲಿಲ್ಲ, ಈಗ ಸ್ನಾನದ ಹೊತ್ತಲ್ಲಿ ಮಾಡೋಣ್ವಾ ಅಂತ ನನ್ನನ್ನೇ ಕೇಳಿ ತೀರ್ಮಾನ. ಕೋಚಿಂಗ್ ಅಂದ್ರೆ ಇದು, ಹಾಳೆ ಕೊಟ್ಟು ಕಳಿಸೋದಲ್ಲ.

ನಮ್ಮತ್ತೇನೂ ಒಂದಿನ ಬಂದು ಕೂತ್ರು. ಅವರದ್ದು ಪ್ರೀತಿ ಜಾಸ್ತಿ, ಮಗು ಕೇಳೋದ್ರೊಳಗೆ ನೀರು ಕೈಲಿ ಇರ್ತಿತ್ತು. ಅದು ತಪ್ಪು ಅಂತ ಯಾರೂ ಅವರಿಗೆ ಹೇಳ್ಲಿಲ್ಲ, ನೀವು ಹಾಡೋವಾಗ ಕೊನೇ ಪದ ಬಿಟ್ಟು ನಿಲ್ಲಿಸಿ ನೋಡಿ ಅಂದ್ರು. ಈ ವಿಷಯದಲ್ಲಿ ಈಗ ಅವರು ನನಗಿಂತ ಜಾಣೆ.

ಇದೇನು ಹೊಸ ಫ್ಯಾಷನ್ ಅಲ್ಲ. ಕೆನಡಾದಲ್ಲಿ ಅಯಾಲಾ ಮನೋಲ್ಸನ್ ಅನ್ನೋ ಥೆರಪಿಸ್ಟ್ 1975ರಲ್ಲೇ ಅಪ್ಪ ಅಮ್ಮಂದಿರಿಗೆ ಕಲಿಸೋಕೆ ಶುರು ಮಾಡಿದ್ರು, ಅದೇ ಹ್ಯಾನೆನ್ ಸೆಂಟರ್. 2011ರಲ್ಲಿ ರಾಬರ್ಟ್ಸ್ ಮತ್ತು ಕೈಸರ್ ಅನ್ನೋ ಸಂಶೋಧಕರು 18 ಅಧ್ಯಯನ ಒಟ್ಟಿಗೆ ಇಟ್ಟು ನೋಡಿದ್ರೆ, ಮನೆಯವರು ಕಲಿತು ಮಾಡಿದ್ರಿಂದ ಮಕ್ಕಳು ಅರ್ಥ ಮಾಡ್ಕೊಳ್ಳೋದು, ಮಾತಾಡೋದು ಎರಡೂ ಸುಧಾರಿಸಿತ್ತು.

ತಪ್ಪೆಲ್ಲ ಥೆರಪಿಸ್ಟ್‌ಗಳದ್ದೇ ಅಂತಾನೂ ನಾನು ಹೇಳ್ತಿಲ್ಲ. 'ಫೀಸ್ ಕೊಟ್ಟಿದೀವಿ, ನೀವೇ ಮಾತು ಬರ್ಸಿ ಕೊಡಿ' ಅನ್ನೋ ಪೋಷಕರನ್ನ ಅದೇ ಕುರ್ಚಿ ಮೇಲೆ ಕೂತು ನೋಡಿದೀನಿ, ಮೊದಮೊದಲು ನಾನೂ ಹಾಗೇ ಇದ್ದೆ. ಅಮ್ಮ ಒಳಗಿದ್ರೆ ಮಗು ಹಠ ಮಾಡುತ್ತೆ ಅನ್ನೋದೂ ನಿಜ, ಆದ್ರೆ ಆ ಹಠ ಮನೇಲೂ ಇರುತ್ತಲ್ಲ, ಅದನ್ನ ನಿಭಾಯಿಸೋದನ್ನೂ ಅಲ್ಲೇ ಕಲೀಬಹುದು. ಮಗನಿಗೆ ಈಗ ಮೂರೂಕಾಲು, ವಯಸ್ಸಿಗೆ ತಕ್ಕಷ್ಟು ಮಾತು ಇನ್ನೂ ಇಲ್ಲ, ಚಿಕ್ಕ ವಾಕ್ಯ ಬರ್ತಿದೆ.

ಥೆರಪಿ ಸೆಂಟರ್ ನಡೆಸೋರಿಗೆ ಇನ್ನೊಂದು ಕೋರಿಕೆ. ಕೆಲಸ ಬಿಟ್ಟು ಬರೋಕಾಗದ ಅಪ್ಪಂದಿರು, ಅಮ್ಮಂದಿರು ಮನೇಲಿ ಮಗು ಜೊತೆ ಆಡೋದನ್ನ ಐದು ನಿಮಿಷ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕಳ್ಸಿದ್ರೆ, ಅದನ್ನ ನೋಡಿ ಮಾತಾಡೋದನ್ನೂ ಒಂದು ಸೆಷನ್ ಅಂತ ಲೆಕ್ಕಕ್ಕೆ ತಗೋತೀರಾ?

ಇಂತಿ,
ಒಬ್ಬ ತಾಯಿ