ಹೊಸ ಡೈಕಾಸ್ಟ್ ಗಾಡಿ (ಲೋಹದ ಅಚ್ಚಿನ ಪುಟ್ಟ ಮಾದರಿ) ತರಿಸುವವರ ಗಮನಕ್ಕೆ
ಎಲ್ಲರಿಗೂ ನಮಸ್ಕಾರ. ತರಿಸುವವರ ಪಟ್ಟಿಗೆ ಹೆಸರು ಸೇರಿಸುವ ಮೊದಲು ನಿಮ್ಮ ಲೇಔಟ್ (ಮಾದರಿ ರೈಲಿನ ಹಳಿ, ಸ್ಟೇಷನ್ ಎಲ್ಲಾ ಜೋಡಿಸಿದ್ದು) ಯಾವ ಸ್ಕೇಲ್, ಅಂದರೆ ನಿಜವಾದದ್ದರ ಎಷ್ಟನೇ ಒಂದು ಪಾಲು, ಅಂತ ನೋಡಿಕೊಳ್ಳಿ. ಓಓ ಅಂದರೆ 1:76, ಎಚ್‌ಓ ಅಂದರೆ 1:87. ಎರಡಕ್ಕೂ ಹಳಿಯ ಅಗಲ 16.5 ಮಿ.ಮೀ. ಒಂದೇ, ಗೊಂದಲ ಆಗುವುದು ಅಲ್ಲೇ. ಆಕ್ಸ್‌ಫರ್ಡ್ ಡೈಕಾಸ್ಟ್ ಕಂಪನಿಯ 1:76 ಲ್ಯಾಂಡ್ ರೋವರ್ ಎಚ್‌ಓ ಸ್ಟೇಷನ್ ಪಕ್ಕ ನಿಂತರೆ ದೊಡ್ಡದಾಗಿ ಕಾಣುತ್ತದೆ. ಬೇಕೇ ಬೇಕು ಅಂದರೆ ಮುಂದಿನ ಅಂಚಿನಲ್ಲಿ ಇಡಿ, ಹಿಂದೆ ಬೇಡ. ಅಂಗಡಿಯ ಹಾಟ್ ವೀಲ್ಸ್ ಆಟಿಕೆ ಕಾರು ಸುಮಾರು 1:64. ಅದನ್ನು ಸುಮ್ನೆ ಮಕ್ಕಳಿಗೆ ಕೊಡಿ.

ಮಡಿಕೇರಿ, ಭಾಗಮಂಡಲ ಕಡೆಯವರು ಮಳೆಗಾಲದಲ್ಲಿ ರಟ್ಟಿನ ಡಬ್ಬಿಯನ್ನು ಹಾಗೇ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. (ಜಿಲ್ಲೆಗೆ ರೈಲೇ ಬಂದಿಲ್ಲ, ನಮ್ಮ ಹುಚ್ಚು ಮಾತ್ರ ಜಾಸ್ತಿ ಅಲ್ವಾ!)

ಹೆಸರು, ಸ್ಕೇಲ್, ಬೇಕಾದ ಗಾಡಿ, ಮೂರನ್ನೂ ಭಾನುವಾರ ರಾತ್ರಿಯೊಳಗೆ ಇಲ್ಲೇ ಹಾಕಿ.