ಗುಜರಿ ದೀಪ ಚೆಂದವೇ, ಅರ್ಥಿಂಗ್ ಎಲ್ಲಿ?

ಮಾನ್ಯರೇ,

ಹಳೆ ಯಂತ್ರದ ಬಿಡಿಭಾಗಗಳಿಂದ ದೀಪ ಮಾಡುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಫೋಟೊಗಳು ಸೂಪರ್. ಕೆಳಗೆ ಪಿಸ್ಟನ್, ಅದರ ಮೇಲೆ ಕತ್ತೆತ್ತಿ ನಿಂತ ಕನೆಕ್ಟಿಂಗ್ ರಾಡ್, ತುದಿಯ ಬಳೆಯೊಳಗೆ ಬಲ್ಬು. ಆದರೆ ವೈರಿಂಗ್ ಬಗ್ಗೆ ಇದ್ದದ್ದು ಒಂದೇ ಸಾಲು. ಅದಕ್ಕೇ ಈ ಪತ್ರ.

ಇಂಥ ದೀಪ ಪೂರಾ ಲೋಹ. ಡ್ರಿಲ್ ಮಾಡಿದ ತೂತಿನ ಅಂಚು ಬ್ಲೇಡಿನಷ್ಟೇ ಚೂಪು. ಅದರೊಳಗಿಂದ ವೈರು ಎಳೆದಾಗ ಮೇಲಿನ ಪ್ಲಾಸ್ಟಿಕ್ ಕಿತ್ತು ಒಳಗಿನ ತಾಮ್ರ ಲೋಹಕ್ಕೆ ತಾಗಿದರೆ ಇಡೀ ದೀಪಕ್ಕೇ ಕರೆಂಟು ಬರುತ್ತದೆ, ಬಲ್ಬು ಮಾತ್ರ ಏನೂ ಆಗದ ಹಾಗೆ ಉರಿಯುತ್ತಲೇ ಇರುತ್ತದೆ. ಮುಟ್ಟಿದವರಿಗೇ ಗೊತ್ತಾಗುವುದು! ಆದ್ದರಿಂದ ತೂತಿನ ಅಂಚನ್ನು ಅರದಿಂದ ಉಜ್ಜಿ ರಬ್ಬರ್ ಬುಷ್ ಕೂರಿಸಬೇಕು. ಮೂರು ಎಳೆಯ ವೈರು, ಮೂರು ಪಿನ್ನಿನ ಪ್ಲಗ್ಗು ಬೇಕೇ ಬೇಕು. ಅದರಲ್ಲಿ ಹಸಿರು-ಹಳದಿ ಎಳೆಯೇ ಅರ್ಥ್, ಅಂದರೆ ಲೋಹಕ್ಕೆ ಸೋರಿದ ಕರೆಂಟನ್ನು ನೆಲಕ್ಕೆ ಸಾಗಿಸುವ ವೈರು. ಅದನ್ನು ದೀಪದ ಮೈಗೆ ಬೋಲ್ಟ್ ಹಾಕಿ ಬಿಗಿಯಬೇಕು, ಅದೂ ಪೇಂಟು, ತುಕ್ಕು, ಗ್ರೀಸು ಎಲ್ಲ ಕೆರೆದು ಬರೀ ಲೋಹ ಕಾಣುವ ಕಡೆ. ಬೇರಿಂಗ್ ಹಾಕಿ ತಿರುಗುವ ಕತ್ತು ಮಾಡಿದ್ದರೆ ಅದನ್ನು ನಂಬಬೇಡಿ, ಗ್ರೀಸು ತುಂಬಿದ ಬೇರಿಂಗ್ ಮೂಲಕ ಅರ್ಥ್ ಸರಿಯಾಗಿ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಮೇಲಿನ ಭಾಗಕ್ಕೆ ಬೇರೆಯೇ ಅರ್ಥ್ ವೈರಿನ ತುಂಡು ಕೊಡಬೇಕು. ಇಷ್ಟೆಲ್ಲ ತಲೆನೋವು ಯಾಕೆ ಅನ್ನುವವರು ಒಳ್ಳೆ ಅಡಾಪ್ಟರ್ ಹಾಕಿ 12 ವೋಲ್ಟಿನ ಎಲ್‌ಇಡಿ ಬಳಸಬಹುದು.

ನನ್ನ ಪ್ರಕಾರ ಅಸಲಿ ಸಮಸ್ಯೆ ವೈರನ್ನು ಬಚ್ಚಿಡುವ ಹಟ. ಸುಮ್ನೆ ಯಾಕೆ ಬಚ್ಚಿಡಬೇಕು? ಇಟಲಿಯ ಕ್ಯಾಸ್ಟಿಲಿಯೋನಿ ಸಹೋದರರು 1962ರಲ್ಲಿ ಮಾಡಿದ ಟೊಯೊ ದೀಪ ನೋಡಿ. ಸಣ್ಣ ಕಂಬದ ತುದಿಗೆ ಕಾರಿನ ಹೆಡ್‌ಲೈಟು, ಬುಡದಲ್ಲಿ ಭಾರಕ್ಕೂ ಆಯಿತು ಎಂದು ಟ್ರಾನ್ಸ್‌ಫಾರ್ಮರು. ವೈರು ರಾಜಾರೋಷವಾಗಿ ಹೊರಗೇ ಇದೆ, ಮೀನಿನ ಗಾಳದ ಕೋಲಿಗೆ ಹಾಕುವ ಬಳೆಗಳೊಳಗಿಂದ ಹಾದು ಹೋಗುತ್ತದೆ. ಅದೇ ಅದರ ಚೆಂದ, ಅಲ್ವಾ?

ಇನ್ನೊಂದು ಮಾತು. ನಿಮ್ಮ ಬರಹದಲ್ಲಿ ಶಾಕ್ ಅಬ್ಸಾರ್ಬರ್ ಕತ್ತರಿಸಿ ಕಂಬ ಮಾಡಿ ಎಂದಿದೆ. ಎಷ್ಟೋ ಶಾಕ್ ಅಬ್ಸಾರ್ಬರ್‌ಗಳ ಒಳಗೆ ಒತ್ತಡದಲ್ಲಿ ಗ್ಯಾಸ್ ಇರುತ್ತದೆ. ಗ್ರೈಂಡರ್ ಇಟ್ಟರೆ ಸಿಡಿಯಬಹುದು. ಹಾಗೆಯೇ ಹಳೆ ಬ್ರೇಕ್ ಶೂ, ಕ್ಲಚ್ ಪ್ಲೇಟುಗಳ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಪಾಲಿಶ್ ಆಸೆಗೆ ಅದನ್ನು ಉಜ್ಜಿ ಧೂಳು ಎಬ್ಬಿಸಬೇಡಿ.

ಮುಂದಿನ ಸಲ ಇಂಥ ಬರಹ ಹಾಕುವಾಗ ದೀಪದ ಬುಡ ಬಿಚ್ಚಿ ಒಳಗಿನ ಜೋಡಣೆಯ ಫೋಟೊ ಕೂಡ ಹಾಕಿ. ಜಾಗ ಇಲ್ಲದಿದ್ದರೆ ಚೆಂದದ ಫೋಟೊ ಒಂದು ಕಮ್ಮಿಯಾದರೂ ಪರವಾಗಿಲ್ಲ.

– ಒಬ್ಬ ಓದುಗ