ಜೆಟ್ ಕಪ್ಪುಕುಳಿಯ ಉಗುಳಲ್ಲ

ಮಾನ್ಯರೇ,

ಎಂ87 ಗೆಲಾಕ್ಸಿಯ ಜೆಟ್ (ನಡುವಿನ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಧಾರೆ) ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನಕ್ಕೆ ‘ನುಂಗಿದ್ದನ್ನು ಉಗುಳುವ ಕಪ್ಪುಕುಳಿ’ ಎಂಬ ತಲೆಬರಹವಿತ್ತು. ದಿಗಂತ, ಅಂದರೆ ಕಪ್ಪುಕುಳಿಯ ಗಡಿ, ದಾಟಿ ಒಳಹೋದದ್ದು ಮರಳಿ ಬರುವುದಿಲ್ಲ. ಜೊತೆಗಿದ್ದ ಬಣ್ಣದ ಚಿತ್ರವೂ ದೂರದರ್ಶಕದ್ದಲ್ಲ, ಕಂಪ್ಯೂಟರ್ ಮಾದರಿಯದು.

ಹೂಮಳೆ ಕೈಕೊಟ್ಟ ವರ್ಷ ಕೊಡಗಿನ ತೋಟಗಳಲ್ಲಿ ಕೆರೆಗೆ ಪಂಪ್ ಇಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತಾರಲ್ಲ, ಅಲ್ಲಿ ನೀರನ್ನು ದೂರ ಹಾರಿಸುವುದು ದಡದ ಮೇಲಿನ ಡೀಸೆಲ್ ಎಂಜಿನ್. ಕಪ್ಪುಕುಳಿಗೆ ಆ ಎಂಜಿನ್ ಅದರ ಗಿರಕಿಯೇ. ಸುತ್ತುವ ಕುಳಿ ಆಸುಪಾಸಿನ ದೇಶಕಾಲವನ್ನೂ ಎಳೆದುಕೊಂಡು ತಿರುಗುವುದರಿಂದ ದಿಗಂತ ಹೊಕ್ಕ ಕಾಂತರೇಖೆಗಳು ಹಗ್ಗದಂತೆ ಹುರಿಗೊಂಡು ಶಕ್ತಿಯನ್ನು ಹೊರಗೆ ಒಯ್ಯುತ್ತವೆ. ಖಭೌತ ವಿಜ್ಞಾನಿಗಳಾದ ಬ್ಲ್ಯಾಂಡ್‌ಫೋರ್ಡ್ ಮತ್ತು ಜ್ನಾಯೆಕ್ 1977ರಲ್ಲೇ ಇದನ್ನು ತೋರಿಸಿದ್ದರು. ಕಾಂತಕ್ಷೇತ್ರ ಎರಡು ಪಟ್ಟಾದರೆ ಜೆಟ್‌ನ ಶಕ್ತಿ ನಾಲ್ಕು ಪಟ್ಟು. 2011ರಲ್ಲಿ ಚೆಖೋವ್‌ಸ್ಕಾಯ್, ರಮೇಶ್ ನಾರಾಯಣ್, ಮೆಕಿನ್ನಿ ನಡೆಸಿದ ಕಂಪ್ಯೂಟರ್ ಗಣನೆಯಲ್ಲಿ ಗಿರಕಿ 0.99 (ಗರಿಷ್ಠ 1) ಇದ್ದಾಗ, ಒಳಬಿದ್ದ ದ್ರವ್ಯದ ಒಟ್ಟು ಶಕ್ತಿ 100 ಆದರೆ ಹೊರಬಂದದ್ದು ಸುಮಾರು 140. ಹೆಚ್ಚಿನ 40 ಗಿರಕಿಯಿಂದಲ್ಲದೆ ಬೇರೆಲ್ಲಿಂದ ಬರಬೇಕು?

ಇಂಥ ಕಂಪ್ಯೂಟರ್ ಮಾದರಿ ಶುರುವಾಗುವುದು ಉದ್ದಿನವಡೆಯಾಕಾರದ ಅನಿಲರಾಶಿಯಿಂದ. ಅದರೊಳಗೆ ದುರ್ಬಲ ಕಾಂತಕ್ಷೇತ್ರದ ಕುಣಿಕೆ ಇಟ್ಟು, ಶೇಕಡ ಕೆಲವೇ ಅಂಶದಷ್ಟು ಅಲುಗಿಸಿ ಬಿಡುತ್ತಾರೆ. ಎರಡೇ ಆಯಾಮದಲ್ಲಿ ಮಾಡಿದರೆ ಕಾಂತಕ್ಷೇತ್ರ ತನ್ನನ್ನು ಉಳಿಸಿಕೊಳ್ಳಲಾರದೆ ಸೊರಗುತ್ತದೆ. ಮೂರು ಆಯಾಮ ಬೇಕೇ ಬೇಕು. 650 ಕೋಟಿ ಸೂರ್ಯರಷ್ಟು ತೂಗುವ ಎಂ87ರ ಕುಳಿಗೆ ಗಣನೆಯ ಒಂದು ಕಾಲಮಾನ (ಕುಳಿಯ ತೂಕಕ್ಕೆ ತಕ್ಕಂತೆ ಬದಲಾಗುವ ಸಮಯದ ಅಳತೆ) ಸುಮಾರು 9 ಗಂಟೆ. 10,000 ಕಾಲಮಾನ ಓಡಿಸಿದರೂ ಸಿಗುವುದು ಹತ್ತು ವರ್ಷದ ಕಥೆ.

ಎಡವಟ್ಟಾಗುವುದು ಜೆಟ್‌ನ ಕೊಳವೆಯೊಳಗೆ. ಅಲ್ಲಿ ದ್ರವ್ಯ ಇಲ್ಲವೆನ್ನುವಷ್ಟು ಕಡಿಮೆ, ಕಾಂತಶಕ್ತಿ ಅಪಾರ. ಅನಿಲದ ಶಾಖವನ್ನು ಒಟ್ಟು ಶಕ್ತಿಯಿಂದ ಕಳೆದು ತಿಳಿಯಬೇಕು. ಲಕ್ಷ ರೂಪಾಯಿಯ ಲೆಕ್ಕದಲ್ಲಿ ಹತ್ತು ರೂಪಾಯಿ ತಪ್ಪಿದೆ, ಕೈಯಲ್ಲಿ ಉಳಿಯಬೇಕಾದದ್ದು ಐದೇ ರೂಪಾಯಿ ಎಂದಿಟ್ಟುಕೊಳ್ಳಿ: ಒತ್ತಡ ಸೊನ್ನೆಗಿಂತ ಕೆಳಗಿಳಿದು ಪ್ರೋಗ್ರಾಂ ನಿಂತುಬಿಡುತ್ತದೆ. ಅದಕ್ಕೇ ಸಾಂದ್ರತೆಗೊಂದು ತಳಮಿತಿ ಹಾಕಿ, ಅದಕ್ಕಿಂತ ಇಳಿದಲ್ಲೆಲ್ಲ ಕೃತಕವಾಗಿ ದ್ರವ್ಯ ತುಂಬುತ್ತಾರೆ. ಅಂದರೆ ಕೊಳವೆಯೊಳಗೆ ಕಾಣುವುದು ಬಹುಪಾಲು ಪ್ರೋಗ್ರಾಂ ಬರೆದವರು ಸುರಿದ ದ್ರವ್ಯ! ಬೆಳಕಿನ ಲೆಕ್ಕ ಮಾಡುವಾಗ ಕಾಂತಶಕ್ತಿ ದ್ರವ್ಯಶಕ್ತಿಯನ್ನು ಮೀರಿದ ಭಾಗವನ್ನು ಸಾಮಾನ್ಯವಾಗಿ ಕತ್ತರಿಸಿ ಬಿಡುವುದು ಇದೇ ಕಾರಣಕ್ಕೆ.

ಇಂಥ ಚಿತ್ರ ಅಚ್ಚಾಗುವಾಗ ‘ಕಂಪ್ಯೂಟರ್ ಮಾದರಿ’ ಎಂಬ ಎರಡು ಪದ ಕೆಳಗಿರಲಿ. ಬಣ್ಣ ಸಾಂದ್ರತೆಯದೋ ಬೆಳಕಿನದೋ ಎಂಬುದೂ ಇರಲಿ. ನಿಜ ಚಿತ್ರವೇ ಬೇಕಿದ್ದರೆ, ಕುಳಿಯ ಸುತ್ತಲಿನ ಉಂಗುರ ಮತ್ತು ಜೆಟ್ಟಿನ ಬುಡ ಎರಡನ್ನೂ ಒಟ್ಟಿಗೆ ತೋರಿಸುವ 3.5 ಮಿ.ಮೀ. ತರಂಗಾಂತರದ ರೇಡಿಯೊ ಚಿತ್ರ 2023ರ ಏಪ್ರಿಲ್‌ನಲ್ಲೇ ಪ್ರಕಟವಾಗಿದೆ. ಮಸುಕಾಗಿದೆ, ನಿಮ್ಮ ಚಿತ್ರದಷ್ಟು ಚೆಂದವಿಲ್ಲ. ಆದರೂ ಅದನ್ನೇ ಹಾಕಿ.

– ಭೌತಶಾಸ್ತ್ರ ಅಧ್ಯಾಪಕರು, ಮಡಿಕೇರಿ